ಕೋಲಿ ನಾಯಿಗೆ ಐವರ್‌ಮೆಕ್ಟಿನ್ ಬೇಡ, ನಾಟಿ ನಾಯಿಗೆ ಆಗಬಹುದು: ಏಕೆ?

ಸೋಮವಾರಪೇಟೆಯ ನಿಮ್ಮ ಕಾಫಿ ತೋಟದ ಕೋಲಿ ಮತ್ತು ನಾಟಿ ನಾಯಿ ಎರಡಕ್ಕೂ ಕಜ್ಜಿ ಹತ್ತಿದಾಗ ಪಶುವೈದ್ಯರು ನಾಟಿ ನಾಯಿಗೆ ಮಾತ್ರ ಐವರ್‌ಮೆಕ್ಟಿನ್ ಎಂಬ ಪರೋಪಜೀವಿನಾಶಕ ಔಷಧ ಕೊಟ್ಟದ್ದೇಕೆ ಎಂದು ಕೇಳಿದ್ದೀರಿ. ಕುರಿ ಕಾಯುವ ತಳಿಯಾದ ಕೋಲಿಯಲ್ಲಿ ಎಂಡಿಆರ್1 ಎಂಬ ವಂಶವಾಹಿ ಕೆಟ್ಟಿರುವ ಸಾಧ್ಯತೆ ಬಹಳ ಹೆಚ್ಚು. ಪಶುವೈದ್ಯರು ಹಾಗೆ ಮಾಡಿದ್ದು ಇದೇ ಕಾರಣಕ್ಕೆ.

ಈ ವಂಶವಾಹಿಯ ಸೂಚನೆಯಂತೆ ತಯಾರಾಗುವ ಪ್ರೋಟೀನು ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಪಂಪಿನಂತೆ ನಿಂತು, ಒಳನುಗ್ಗುವ ಔಷಧವನ್ನು ಮರಳಿ ರಕ್ತಕ್ಕೆ ತಳ್ಳುತ್ತದೆ. ವಂಶವಾಹಿಯ ಬರಹದಲ್ಲಿ ಕೇವಲ 4 ಅಕ್ಷರಗಳು ಬಿಟ್ಟುಹೋದರೂ ಪಂಪು ಅಪೂರ್ಣವಾಗಿ ಉಳಿಯುತ್ತದೆ. ಆಗ ಕಜ್ಜಿಗೆ ಕೊಡುವ ಪ್ರಮಾಣದ ಔಷಧ ಮಿದುಳಿನಲ್ಲಿ ಶೇಖರವಾಗಿ ನಾಯಿ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಕೋಮಾಕ್ಕೂ ಜಾರಬಹುದು.

ಮರಿಯು ಈ ವಂಶವಾಹಿಯ ಪ್ರತಿಯನ್ನು ತಾಯಿಯಿಂದ ಒಂದು, ತಂದೆಯಿಂದ ಒಂದು ಪಡೆಯುತ್ತದೆ. ಎರಡೂ ಕೆಟ್ಟಿದ್ದರೆ ಅಪಾಯ ತೀವ್ರ, ಒಂದೇ ಆದರೆ ಕಡಿಮೆ. ತಲಾ ಒಂದು ದೋಷದ ಪ್ರತಿಯುಳ್ಳ ಜೋಡಿಗೆ ಹುಟ್ಟುವ ಪ್ರತಿ ಮರಿಗೂ ಎರಡೂ ದೋಷದ ಪ್ರತಿಗಳು ಬರುವ ಸಂಭವ ನಾಲ್ಕರಲ್ಲಿ ಒಂದು. ಬ್ರಿಟನ್ನಿನಲ್ಲಿ ಕೆಲವೇ ಮೆಚ್ಚಿನ ನಾಯಿಗಳಿಂದ ತಳಿಯನ್ನು ಬೆಳೆಸಿದ್ದರಿಂದ ಈ ದೋಷ ಕೋಲಿಗಳಲ್ಲಿ ವ್ಯಾಪಕವಾಗಿ ಹಬ್ಬಿತು; ಆಸ್ಟ್ರೇಲಿಯನ್ ಶೆಫರ್ಡ್‌ನಲ್ಲಿಯೂ ಇದು ಸಾಮಾನ್ಯ. ಹೆಸರಿನಲ್ಲಿ ಕೋಲಿ ಎಂದಿದ್ದರೂ ಬಾರ್ಡರ್ ಕೋಲಿಯಲ್ಲಿ ಮಾತ್ರ ಅಪರೂಪ.

ಕೆನ್ನೆಯ ಒಳಭಾಗವನ್ನು ಉಜ್ಜಿ ತೆಗೆದ ಮಾದರಿಯ ಡಿಎನ್‌ಎ ಪರೀಕ್ಷೆಯಿಂದ ನಿಮ್ಮ ನಾಯಿಯ ಸ್ಥಿತಿ ತಿಳಿಯುತ್ತದೆ. ಅಲ್ಲಿಯವರೆಗೆ ಕೊಟ್ಟಿಗೆಯ ಕಡೆಗೂ ಗಮನವಿರಲಿ: ಇದೇ ಔಷಧ ಪಡೆದ ದನದ ಸಗಣಿಯನ್ನು ತಿಂದರೂ ಇಂತಹ ನಾಯಿಗೆ ವಿಷವೇರಬಹುದು.