ವಿಶೇಷ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಕಲಿಸಿ ಕಲಿಸಿ ಸಾಕಾಗಿದೆ. ಧ್ಯಾನ ಶುರು ಮಾಡಲೋ, ಕೆಲಸ ಬಿಡಲೋ?

ಸದ್ಯಕ್ಕೆ ಎರಡೂ ಬೇಡ. ಮೊದಲು ಮಗುವಿನ ಮನೆಯಲ್ಲಿ ಫೋನ್ ಎಲ್ಲಿಟ್ಟಿದ್ದಾರೆ ಅಂತ ನೋಡಿ.

2020ರಲ್ಲಿ ಶಾಲೆ ಮುಚ್ಚಿದಾಗ ಆಟಿಸಂ ಇರುವ ಎಂಟು ವರ್ಷದ ಹುಡುಗನಿಗೆ ಅಂಗಿಯ ಗುಂಡಿ ಹಾಕುವುದನ್ನು ಕಲಿಸುತ್ತಿದ್ದೆ. ಫೋನು ಅವನ ಮುಖಕ್ಕೆ ನೇರವಾಗಿ ಇರುತ್ತಿತ್ತು. "ಆಯ್ತು ಮೇಡಂ" ಅಂತ ತಾಯಿ ಹೇಳುತ್ತಿದ್ದರು, ನಾನು 5ಕ್ಕೆ 5, ಸ್ವತಂತ್ರ ಅಂತ ಬರೆದುಕೊಳ್ಳುತ್ತಿದ್ದೆ. ಒಂದು ದಿನ ಫೋನ್ ಜಾರಿ ಬಿತ್ತು. ಆಗ ಕಂಡದ್ದು ಅವನ ಬೆರಳುಗಳ ಮೇಲೆ ತಾಯಿಯ ಬೆರಳು.

ತಪ್ಪು ಅವರದ್ದಲ್ಲ. "ಸ್ವಲ್ಪ ಸಹಾಯ ಮಾಡಿ" ಅಂದವಳು ನಾನು. ಎಷ್ಟು, ಯಾವಾಗ, ಯಾವಾಗ ಕೈ ತೆಗೆಯಬೇಕು, ಏನೂ ಹೇಳಿರಲಿಲ್ಲ. ಪ್ರತಿ ಸಲವೂ ಕೈ ಹಿಡಿದು ಮಾಡಿಸಿದರೆ ಮಗು ಗುಂಡಿ ಹಾಕಲು ಕಲಿಯುವುದಿಲ್ಲ, ಕೈ ಬರಲಿ ಅಂತ ಕಾಯಲು ಕಲಿಯುತ್ತದೆ. ಮೂರು ತಿಂಗಳ ದಾಖಲೆ ವ್ಯರ್ಥವಾಯಿತು. ದಾಖಲೆ ಸುಳ್ಳಾಗಿದ್ದರಿಂದಲೇ ಮುಂದಿನ ಗುರಿಗಳೆಲ್ಲ ಕುಸಿಯುತ್ತಿದ್ದವು. ಕಾರಣ ತಿಳಿಯದೆ ನಾನು ಇನ್ನಷ್ಟು ವರ್ಕ್‌ಶೀಟ್, ಇನ್ನಷ್ಟು ಕರೆ ಸೇರಿಸುತ್ತಿದ್ದೆ. ನನ್ನ ನಿದ್ದೆ ಕೆಡಿಸಿದ್ದು ಇದೇ. ನಿಮ್ಮಲ್ಲೂ ಇಂಥದ್ದೇ ಆಗುತ್ತಿರಬಹುದು.

ಫೋನನ್ನು ಮೇಜಿನ ಎತ್ತರದಲ್ಲಿ ಪಕ್ಕಕ್ಕೆ ಇಡಿಸಿ. ಮುಖ ಅರ್ಧ ಕಂಡರೂ ಸಾಕು, ಎರಡೂ ಕೈ ಪೂರ್ತಿ ಕಾಣಬೇಕು. ಪ್ರತಿ ಪ್ರಯತ್ನದ ಮುಂದೆ ಒಂದೇ ಅಕ್ಷರ ಬರೆಯಿರಿ: ಕೈ ಹಿಡಿದು ಮಾಡಿಸಿದರೆ ಕೈ, ಸನ್ನೆಯಲ್ಲಿ ತೋರಿಸಿದರೆ ಸ, ಮಾತಿನಲ್ಲಿ ಹೇಳಿದರೆ ಮಾ, ತಾನೇ ಮಾಡಿದರೆ ಸ್ವ. ಸ್ವ ಮಾತ್ರ ಎಣಿಕೆಗೆ. ಪೋಷಕರಿಗೆ ಒಂದೇ ನಿಯಮ: ನೆರವಿಗೆ ಮೊದಲು ಮನಸ್ಸಿನಲ್ಲೇ ಐದು ಎಣಿಸಿ. ಈ ಐದು ಸೆಕೆಂಡ್ ಅವರಿಗೆ ಬಹಳ ಉದ್ದ ಅನಿಸುತ್ತದೆ, ನಡುವೆ ಕೈ ಹೋಗಿಯೇ ಹೋಗುತ್ತದೆ. ಮೊದಲ ವಾರ ನೀವೇ ಗಟ್ಟಿಯಾಗಿ ಎಣಿಸಿ.

ಗುಂಡಿಯನ್ನು ಕೊನೆಯ ಹೆಜ್ಜೆಯಿಂದ ಕಲಿಸಿ. ಅಂಗಿಯನ್ನು ಮೇಜಿನ ಮೇಲೆ ಹರಡಿ, ದೊಡ್ಡ ಗುಂಡಿಯದ್ದಾದರೆ ಒಳ್ಳೆಯದು. ಗುಂಡಿಯನ್ನು ಕಾಜಾದೊಳಗೆ ಅರ್ಧ ತೂರಿಸಿಕೊಡುವುದು ತಾಯಿ, ಆಚೆ ಎಳೆಯುವುದು ಮಾತ್ರ ಮಗು. ಮುಗಿಸಿದ ಖುಷಿ ಪ್ರತಿ ಸಲವೂ ಅವನದ್ದೇ ಆಗುತ್ತದೆ. ಮೂರು ದಿನ ಸತತವಾಗಿ 5ಕ್ಕೆ 4 ಸ್ವ ಬಂದರೆ ಒಂದು ಹೆಜ್ಜೆ ಹಿಂದೆ ಹೋಗಿ, ತೂರಿಸುವುದನ್ನೂ ಅವನಿಗೇ ಬಿಡಿ.

ತರಗತಿ 40 ನಿಮಿಷ ಬೇಡ, 15 ಸಾಕು. ಎರಡು ನಿಮಿಷ ಇವತ್ತಿನ ಕೆಲಸಗಳ ಚಿತ್ರಪಟ್ಟಿ, ಎಂಟು ನಿಮಿಷ ಕೆಲಸ, ಮೂರು ನಿಮಿಷ ಅವನಿಷ್ಟದ ಆಟ, ಕೊನೆಯ ಎರಡು ನಿಮಿಷ ಪೋಷಕರಿಗೆ. ಆ ಕೊನೆಯ ಎರಡನ್ನು ಬಿಟ್ಟರೆ ಅದೇ ಮಾತು ರಾತ್ರಿ ಹತ್ತಕ್ಕೆ ಮೆಸೇಜಾಗಿ ಬರುತ್ತದೆ.

ಐಇಪಿಯಲ್ಲಿ, ಅಂದರೆ ಆ ಮಗುವಿಗೆಂದೇ ಬರೆದ ಕಲಿಕಾ ಯೋಜನೆಯಲ್ಲಿ, ಒಂಬತ್ತು ಗುರಿ ಇದ್ದರೆ ಆನ್‌ಲೈನ್‌ಗೆ ಎರಡನ್ನೇ ಇಟ್ಟುಕೊಳ್ಳಿ: ಮನೆಯಲ್ಲಿ ದಿನವೂ ನಡೆಯುವ ಉಡುಗೆ, ಊಟ, ಕೈ ತೊಳೆಯುವಂಥವು. ಉಳಿದವನ್ನು ಯಾಕೆ ತಡೆಹಿಡಿದಿರಿ ಎಂದು ಪೋಷಕರ ಮತ್ತು ಮುಖ್ಯಸ್ಥರ ಒಪ್ಪಿಗೆ ಪಡೆದು ಬರೆದಿಡಿ. ಮಾತಿನಲ್ಲಿ ಒಪ್ಪಿದ್ದು ವರ್ಷದ ಕೊನೆಗೆ ಯಾರಿಗೂ ನೆನಪಿರುವುದಿಲ್ಲ.

ಧ್ಯಾನ ಬೇಕಿದ್ದರೆ ಮಾಡಿ, ಬೇಡ ಅನ್ನುವುದಿಲ್ಲ. ರಾಜೀನಾಮೆ ಪತ್ರವನ್ನು ಮಾತ್ರ ನಾಲ್ಕು ವಾರ ಮುಂದೂಡಿ. ಈ ನಡುವೆ ನಿದ್ದೆ ಕೆಡುತ್ತಲೇ ಇದ್ದರೆ, ಅಥವಾ ಊಟವೇ ಸೇರದಂತಾದರೆ, ನಾಲ್ಕು ವಾರ ಅಂತ ಕಾಯದೆ ವೈದ್ಯರನ್ನು ಕಾಣಿ.