ಸ್ಟುಡಿಯೋ 54 ಮುಚ್ಚಿದ್ದು ಯಾಕೆ?

ಪ್ರಶ್ನೆ: ಡಿಸ್ಕೋ ಹುಚ್ಚು ಇಳಿದ ಮೇಲೆ ಜನ ಬರದೆ ನ್ಯೂಯಾರ್ಕಿನ ಸ್ಟುಡಿಯೋ 54 ಕ್ಲಬ್ ಮುಚ್ಚಿತು ಅಂತ ಕೇಳಿದ್ದೇನೆ. ನಿಜವೇ? ಒಂದು ಡ್ಯಾನ್ಸ್ ಕ್ಲಬ್ಬಿಗೆ ಅಷ್ಟೊಂದು ಹೆಸರು ಹೇಗೆ ಬಂತು?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಎರಡನೇ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮೊದಲನೆಯದಕ್ಕೂ ದಾರಿ ಅಲ್ಲೇ ಇದೆ.

ಮ್ಯಾನ್‌ಹಟನ್ನಿನ 54ನೇ ಬೀದಿಯ ಆ ಕಟ್ಟಡ 1927ರಲ್ಲಿ ಒಪೆರಾಕ್ಕೆಂದು ಕಟ್ಟಿದ ರಂಗಮಂದಿರ. ಆಮೇಲೆ ಅದು ಸಿಬಿಎಸ್ ಎಂಬ ರೇಡಿಯೋ, ಟಿವಿ ಕಂಪನಿಯ ಸ್ಟುಡಿಯೋ ಆಯಿತು. ಸ್ಟೀವ್ ರುಬೆಲ್ ಮತ್ತು ಇಯಾನ್ ಶ್ರೇಗರ್ ಎಂಬ ಇಬ್ಬರು ಗೆಳೆಯರು ಅಲ್ಲಿ 1977ರ ಏಪ್ರಿಲ್ 26ರಂದು ಕ್ಲಬ್ ತೆರೆದರು. ಪರದೆ, ಸೀನರಿ ಏರಿಸಿ ಇಳಿಸುವ ಹಳೆಯ ಹಗ್ಗ, ರಾಟೆಗಳನ್ನು ಅವರು ಕೀಳಲಿಲ್ಲ. ಬೆಳಕಿನ ಕೆಲಸವನ್ನು ಬ್ರಾಡ್‌ವೇ ನಾಟಕಗಳಿಗೆ ದೀಪ ಹಾಕುತ್ತಿದ್ದ ಜೂಲ್ಸ್ ಫಿಶರ್, ಪಾಲ್ ಮರಾಂಟ್ಸ್ ಕೈಗೆ ಕೊಟ್ಟರು. ಬಣ್ಣದ ದೀಪದ ಕಂಬಗಳು ಕುಣಿಯುವವರ ತಲೆಯ ಹತ್ತಿರಕ್ಕೇ ಇಳಿದು ಬರುತ್ತಿದ್ದವು. ದೊಡ್ಡದೊಂದು ಚಂದ್ರನ ಮುಖ, ಅದರ ಮೂಗಿಗೆ ಹಿಡಿದ ಕೊಕೇನ್ ಚಮಚ! ಒಳಗೆ ಏನು ನಡೆಯುತ್ತದೆ ಎಂದು ಮುಚ್ಚಿಡುವ ಯೋಚನೆಯೇ ಅವರಿಗಿರಲಿಲ್ಲ. ಬಂದವರೆಲ್ಲ ಪ್ರೇಕ್ಷಕರೂ ಹೌದು, ಪಾತ್ರಧಾರಿಗಳೂ ಹೌದು. ಅದರ ಸೆಳೆತ ಇದೇ ಅಂತ ನನಗನ್ನಿಸುತ್ತದೆ.

ಇನ್ನೊಂದು ಕಾರಣ ಬಾಗಿಲು. ರುಬೆಲ್ ತಾನೇ ಹೊರಗೆ ನಿಂತು ಗುಂಪಿನಿಂದ ಒಬ್ಬೊಬ್ಬರನ್ನೇ ಆರಿಸುತ್ತಿದ್ದ. ದುಡ್ಡಿದ್ದರೆ ಸಾಲದು. ಸಿನಿಮಾ ತಾರೆಯ ಪಕ್ಕದಲ್ಲೇ ಅಂಗಡಿಯಲ್ಲಿ ದುಡಿಯುವ ಹುಡುಗ ಕುಣಿಯಬಹುದಿತ್ತು. ಬೇರೆ ಕಡೆ ಮುಖ ಮರೆಸಿಕೊಂಡು ಬದುಕುತ್ತಿದ್ದ ಸಲಿಂಗಿಗಳಿಗೆ ಅಲ್ಲಿ ಭಯವಿರಲಿಲ್ಲ. ಅದು ದೊಡ್ಡ ವಿಷಯ, ಅಲ್ವಾ? ಆದರೆ ಹೊರಗೆ ಉಳಿದವರಿಗೆ ಆದ ಅವಮಾನ ಸಣ್ಣದಲ್ಲ. 1977ರ ಕೊನೆಯ ರಾತ್ರಿ ‘ಶಿಕ್’ ಎಂಬ ಡಿಸ್ಕೋ ಸಂಗೀತ ತಂಡದ ನೈಲ್ ರಾಡ್ಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಅವರನ್ನು ಗಾಯಕಿ ಗ್ರೇಸ್ ಜೋನ್ಸ್ ಕರೆದಿದ್ದರೂ ಬಾಗಿಲಲ್ಲೇ ವಾಪಸ್ ಕಳಿಸಿದರು. ಸಿಟ್ಟಿನಲ್ಲಿ ಮನೆಗೆ ಹೋಗಿ ಇಬ್ಬರೂ ಬೈಗುಳದ ಹಾಡೊಂದನ್ನು ಕಟ್ಟಿದರು. ಬೈಗುಳ ಬದಲಾಯಿಸಿ ಹೊರತಂದ ಆ ಹಾಡು ಅಮೆರಿಕದಲ್ಲಿ ನಂಬರ್ ಒನ್ ಆಯಿತು.

ಈಗ ನಿಮ್ಮ ಮೊದಲ ಪ್ರಶ್ನೆ. ಡಿಸ್ಕೋ ಮೇಲೆ ಜನರ ಸಿಟ್ಟು ಏರಿದ್ದು ನಿಜ. 1979ರ ಜುಲೈನಲ್ಲಿ ಶಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ಸಿಡಿಸಿ ಹಾಕಿದ್ದೂ ಉಂಟು. ಆದರೆ ಈ ಕ್ಲಬ್ಬಿಗೆ ಏಟು ಬಿದ್ದದ್ದು ಅದಕ್ಕೂ ಮೊದಲೇ, ಬಾಗಿಲಲ್ಲಿ ಜನ ಮುಗಿಬೀಳುತ್ತಿದ್ದಾಗಲೇ. ನಮಗಿಂತ ಜಾಸ್ತಿ ಗಳಿಸುವುದು ಮಾಫಿಯಾ ಮಾತ್ರ ಎಂದು ರುಬೆಲ್ ಪತ್ರಿಕೆಯವರ ಮುಂದೆ ಕೊಚ್ಚಿಕೊಂಡಿದ್ದ. 1978ರ ಡಿಸೆಂಬರಿನಲ್ಲಿ ತೆರಿಗೆ ಅಧಿಕಾರಿಗಳು ದಾಳಿ ಮಾಡಿದರು. ಕ್ಲಬ್ಬಿನಲ್ಲೇ ನಗದು ಬಚ್ಚಿಟ್ಟಿದ್ದು ಸಿಕ್ಕಿತು. 25 ಲಕ್ಷ ಡಾಲರ್ ಗಳಿಕೆಯನ್ನು ಲೆಕ್ಕಕ್ಕೆ ಸೇರಿಸಿಲ್ಲ ಎಂಬುದು ಆರೋಪ. 1980ರ ಜನವರಿಯಲ್ಲಿ ಇಬ್ಬರಿಗೂ ಮೂರೂವರೆ ವರ್ಷ ಜೈಲು ಎಂದು ತೀರ್ಪಾಯಿತು. ಫೆಬ್ರವರಿಯಲ್ಲಿ ಬೀಳ್ಕೊಡುಗೆಯ ಪಾರ್ಟಿ. ಡಯಾನಾ ರಾಸ್, ಲೈಜಾ ಮಿನೆಲ್ಲಿ ಹಾಡಿದರು. ಶುರುವಾಗಿ ಮೂರು ವರ್ಷವೂ ತುಂಬಿರಲಿಲ್ಲ.

ಹಾಗಾಗಿ, ಜನ ಬಾರದೆ ಮುಚ್ಚಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸುಮ್ನೆ ತೆರಿಗೆ ಕಟ್ಟಿದ್ದರೂ ಅವರಿಗೆ ಬೇಕಾದಷ್ಟು ಉಳಿಯುತ್ತಿತ್ತು. ಆ ದುರಾಸೆಗೆ ಅಲ್ಲಿ ದುಡಿಯುತ್ತಿದ್ದವರ ಕೆಲಸವೂ ಹೋಯಿತು. ನನಗೆ ಹೆಚ್ಚು ಬೇಸರವಾಗುವುದು ಅದಕ್ಕೇ.

ನೀವು ಕೇಳಿದ ಹಾಗೆ ಜನ ಕಡಿಮೆಯಾದದ್ದು ಎರಡನೇ ಸರದಿಯಲ್ಲಿ. 1981ರಲ್ಲಿ ಹೊಸ ಮಾಲೀಕರು ಕ್ಲಬ್ ಮತ್ತೆ ತೆರೆದರು, ಮೊದಲಿನ ಕಳೆ ಮರಳಲಿಲ್ಲ, 1986ರಲ್ಲಿ ಮುಚ್ಚಿತು. ರುಬೆಲ್ 1989ರಲ್ಲಿ, 45ನೇ ವಯಸ್ಸಿಗೇ ತೀರಿಕೊಂಡ. ಶ್ರೇಗರ್ ಹೋಟೆಲ್ ಉದ್ಯಮದಲ್ಲಿ ಹೆಸರು ಮಾಡಿದ. 2017ರಲ್ಲಿ ಒಬಾಮಾ ಅವನಿಗೆ ಕ್ಷಮಾದಾನ ಕೊಟ್ಟರು. ಕಟ್ಟಡ ಈಗಲೂ ಇದೆ. ‘ರೌಂಡಬೌಟ್’ ಎಂಬ ನಾಟಕ ಸಂಸ್ಥೆ ಅದನ್ನು ಕೊಂಡು, ಹಳೆಯ ಹೆಸರಿನಲ್ಲೇ ಅಲ್ಲಿ ನಾಟಕ ಆಡಿಸುತ್ತಿದೆ.