ಅಪ್ಪನ ನೆನಪಿಗೆ ಒಂದು ಲಕ್ಷ: ಯಾರಿಗೆ ಕೊಡೋಣ, ಹೇಗೆ ಕೊಡೋಣ?

ಪ್ರಶ್ನೆ: ನಮ್ಮಪ್ಪ ಹೋದ ವರ್ಷ ತೀರಿಕೊಂಡರು. ಬಸ್ ಡ್ರೈವರ್ ಆಗಿದ್ದರು. ನೈಟ್ ಹಾಲ್ಟ್ ಮುಗಿಸಿ ಬೆಳಿಗ್ಗೆ ಮನೆಗೆ ಬಂದರೂ ಮಲಗುತ್ತಿರಲಿಲ್ಲ. ನನಗೆ, ತಂಗಿಗೆ ಜಡೆ ಹಾಕಿ, ತಮ್ಮನಿಗೆ ತಿಂಡಿ ತಿನ್ನಿಸಿ ಶಾಲೆಗೆ ಬಿಟ್ಟು ಬರುತ್ತಿದ್ದರು. ಓಣಿಯಲ್ಲಿ ಅದನ್ನು ನೋಡಿ ನಗುವವರೇ ಜಾಸ್ತಿ. ವರ್ಷದ ತಿಥಿಗೆ ದೊಡ್ಡ ಊಟ ಹಾಕಿಸುವ ಬದಲು, ಅಪ್ಪಂದಿರು ಮಕ್ಕಳ ಆರೈಕೆಯಲ್ಲಿ ಕೈ ಹಾಕುವಂತೆ ಮಾಡುವ ಕೆಲಸಕ್ಕೆ ಒಂದು ಲಕ್ಷ ರೂಪಾಯಿ ಕೊಡೋಣ ಅಂತ ಮೂವರೂ ಮಾತಾಡಿಕೊಂಡಿದ್ದೇವೆ. ಯಾವ ಕೆಲಸಕ್ಕೆ ಕೊಟ್ಟರೆ ಒಳ್ಳೆಯದು? ಸರಿಯಾದವರು ಅಂತ ತಿಳಿಯುವುದು ಹೇಗೆ?
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಇಷ್ಟು ವರ್ಷ ಅಪ್ಪಂದಿರ ಸಭೆ ನಡೆಸಿದ್ದೇನೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರು ಮಗಳ ಜಡೆಗೆ ಕೂರುವುದು ನಾನು ಹೆಚ್ಚು ನೋಡಿಲ್ಲ. ನಿಮ್ಮಪ್ಪನ ಹೆಸರಲ್ಲಿ ಈ ಹಣ ಹೋಗುವುದಾದರೆ ಅದು ಬ್ಯಾನರಿಗೆ, ಹಾರ ತುರಾಯಿಗೆ ಹೋಗಬಾರದು. ನನಗೆ ಇದರಲ್ಲಿ ಎರಡನೇ ಮಾತೇ ಇಲ್ಲ.

ಮೊದಲು ಕೊರತೆ ಎಲ್ಲಿದೆ ನೋಡಿ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 41 ಜನ ಮನೆಯವರ ಆರೈಕೆ ಮಾಡುತ್ತಾರೆ. ಅದಕ್ಕೆ ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಹೀಗೆ ಮಾಡುವವರು 100ಕ್ಕೆ 21. ಅವರು ಕೊಡುವುದು 74 ನಿಮಿಷ. ಅಂದರೆ ಕೈ ಹಾಕಿದ ಗಂಡಸರೂ ಒಂದು ಗಂಟೆ ಚಿಲ್ಲರೆ ಮಾಡುತ್ತಾರೆ, ನಿಜವಾದ ತೊಂದರೆ ಕೈಯೇ ಹಾಕದವರದ್ದು. ಇವರನ್ನು ಹತ್ತಿರ ತರುವುದು ಭಾಷಣದಿಂದ ಆಗುವುದಿಲ್ಲ. ಮಗುವನ್ನು ಅವರ ಕೈಗೆ ಕೊಡಬೇಕು, ಆದಷ್ಟು ಬೇಗ ಕೊಡಬೇಕು.

ಅದಕ್ಕೇ ನಾನು ಹೇಳುವ ಮೊದಲ ಜಾಗ ಹಸಿಮಕ್ಕಳ ವಾರ್ಡು. ಅವಧಿಗೆ ಮೊದಲೇ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳನ್ನು ಬರಿ ಎದೆಗೆ ಅವಚಿಕೊಂಡು ಬೆಚ್ಚಗಿಡುವುದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಶುರುವಾದದ್ದು. ಈ ಆರೈಕೆ ಜಿಲ್ಲೆಯ ಎಲ್ಲ ಕಡೆ ಸಿಗುವಂತೆ ಮಾಡುವ ಪ್ರಯತ್ನ ನಮ್ಮ ಕೊಪ್ಪಳದಲ್ಲೂ ನಡೆದಿದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಆರೋಗ್ಯ ಇಲಾಖೆಯ ಜೊತೆ ಸೇರಿ ಆ ಕೆಲಸ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು, ದಿನಕ್ಕೆ 8ರಿಂದ 24 ಗಂಟೆ ಹೀಗೆ ಇಟ್ಟುಕೊಳ್ಳಬೇಕು ಅಂತ. ಬಾಣಂತಿ ಒಬ್ಬಳೇ ಅಷ್ಟು ಹೊತ್ತು ಹೇಗೆ ಕೂತಾಳು? ಅವಳು ಉಣ್ಣಬೇಕು, ಸ್ನಾನ ಮಾಡಬೇಕು, ಒಂದಿಷ್ಟು ನಿದ್ದೆ ಮಾಡಬೇಕು. ಹೊಲಿಗೆ ಹಾಕಿದ ಹೊಟ್ಟೆ ಬೇರೆ. ಆ ಹೊತ್ತಿಗೆ ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಆದರೆ ಎಷ್ಟೋ ಕಡೆ ಗಂಡಸರನ್ನು ವಾರ್ಡಿನ ಒಳಗೆ ಬಿಡುವುದಿಲ್ಲ. ಪಕ್ಕದಲ್ಲಿ ಬೇರೆ ಬಾಣಂತಿಯರು ಹಾಲು ಕುಡಿಸುತ್ತಿರುತ್ತಾರೆ, ಮಧ್ಯೆ ಮರೆ ಇರುವುದಿಲ್ಲ. ಕಾರಣ ಇಷ್ಟೇ. ಒಂದು ಆಸ್ಪತ್ರೆಯಲ್ಲಿ ಹೀಗೆ ಹೊರಗೆ ನಿಂತಿದ್ದ ಹುಡುಗ ನಾಲ್ಕು ದಿನ ಬಾಗಿಲ ಗಾಜಿನಿಂದಲೇ ಮಗುವನ್ನು ನೋಡಿದ್ದ. ಗಾರೆ ಕೆಲಸದವನು, ಇಪ್ಪತ್ತೆರಡು ವಯಸ್ಸಿರಬಹುದು. ಐದನೇ ದಿನ ಸಿಸ್ಟರ್ ಒಬ್ಬರು ಕೈ, ಎದೆ ತೊಳೆಸಿ, ಮೂಲೆಗೆ ಒಂದು ಸೀರೆ ಮರೆ ಕಟ್ಟಿ, ಕುರ್ಚಿ ಹಾಕಿ ಕೂರಿಸಿದರು. ಒಗೆದ ಪಂಚೆಯಲ್ಲೇ ಮಗುವನ್ನು ಅವನ ಎದೆಗೆ ಕಟ್ಟಿದರು. ಒಂದೂವರೆ ಗಂಟೆ ಅಲುಗಾಡಲಿಲ್ಲ ಅವನು. ‘ನನ್ನ ಕೈ ಒರಟು ಮೇಡಂ, ಮುಟ್ಟಿದರೆ ಏನಾದರೂ ಆದೀತು ಅಂತ ಹೆದರಿದ್ದೆ’ ಅಂದ. ಬೇಜವಾಬ್ದಾರಿ ಅಂತ ನಾವು ಕರೆಯುವುದರಲ್ಲಿ ಅರ್ಧ ಈ ಹೆದರಿಕೆಯೇ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಹಾಗಾಗಿ ನಿಮ್ಮ ಲಕ್ಷದಲ್ಲಿ ಒಂದು ಪಾಲನ್ನು ಒರಗುವ ಕುರ್ಚಿ, ಮರೆ ಪರದೆ, ಮಗು ಕಟ್ಟುವ ಬಟ್ಟೆ, ಅಪ್ಪಂದಿರಿಗೆ ಒಂದು ಗೌನ್, ಕೈ ತೊಳೆಯುವ ವ್ಯವಸ್ಥೆ ಇಂಥದ್ದಕ್ಕೆ ಇಡಿ. ಮೊದಲು ಜಿಲ್ಲಾಸ್ಪತ್ರೆಯ ಮಕ್ಕಳ ತಜ್ಞರನ್ನೂ ನವಜಾತ ಶಿಶು ಘಟಕದ ಸಿಸ್ಟರನ್ನೂ ಕಂಡು ಕೇಳಿ. ಅವರಿಗೆ ಬೇಡವಾದ ಸಾಮಾನು ತಂದು ಇಟ್ಟರೆ ಸ್ಟೋರ್ ರೂಮಲ್ಲಿ ಧೂಳು ತಿನ್ನುತ್ತದೆ.

ಉಳಿದದ್ದನ್ನು ಊರುಗಳಲ್ಲಿ ಅಪ್ಪಂದಿರ ಗುಂಪು ಕಟ್ಟುವ ಸಂಸ್ಥೆಗೆ ಕೊಡಬಹುದು. ಒಂದು ಉದಾಹರಣೆ ಹೇಳುತ್ತೇನೆ. ಆಫ್ರಿಕಾದ ರುವಾಂಡಾದಲ್ಲಿ ‘ಬಂಡೆಬೆರೆಹೊ’ ಅನ್ನುವ ಕಾರ್ಯಕ್ರಮ ನಡೆಯಿತು. ಚಿಕ್ಕ ಮಕ್ಕಳ ಅಪ್ಪಂದಿರನ್ನೂ ಅಪ್ಪ ಆಗಲಿದ್ದವರನ್ನೂ 15 ಸಲ ಸೇರಿಸಿದರು. ಅದರಲ್ಲಿ 8 ಸಲ ಹೆಂಡತಿಯರೂ ಬಂದರು. ಮಾತಾಡಿಸಿದವರು ಅದೇ ಊರಿನ ಅಪ್ಪಂದಿರು. 2018ರಲ್ಲಿ ಬಂದ ಅಧ್ಯಯನದಲ್ಲಿ ಹೆಂಡತಿಯರನ್ನು ಕೇಳಿದಾಗ, ಹಿಂದಿನ ಒಂದು ವರ್ಷದಲ್ಲಿ ಗಂಡ ಹೊಡೆದಿದ್ದಾನೆ ಅಂದವರು ಆ ಗುಂಪಿನಲ್ಲಿ 100ಕ್ಕೆ 33. ಕಾರ್ಯಕ್ರಮ ಸಿಗದ ಮನೆಗಳಲ್ಲಿ 57. ಮಕ್ಕಳ ಕೆಲಸ, ಮನೆಕೆಲಸದಲ್ಲೂ ಗಂಡಸರ ಕೈ ಹೆಚ್ಚಾಗಿತ್ತು. ಒಂದು ದಿನದ ಶಿಬಿರದಿಂದ ಇದು ಬರಲಿಲ್ಲ, ಹದಿನೈದು ಸಲ ಕೂತು ಮಾತಾಡಿದ್ದರಿಂದ ಬಂತು.

ಆದ್ದರಿಂದ ಸಂಸ್ಥೆಯವರನ್ನು ಕೇಳಬೇಕಾದ ಮೊದಲ ಮಾತು: ಒಂದೇ ಗುಂಪನ್ನು ಎಷ್ಟು ಸಲ ಸೇರಿಸುತ್ತೀರಿ? ಯಾವ ಹೊತ್ತಿಗೆ? ಕೂಲಿ ಬಿಟ್ಟು ಬರಬೇಕಾದ ಹೊತ್ತಿಗೆ ಸಭೆ ಇಟ್ಟರೆ ಬಡ ಅಪ್ಪ ಬರಲಾರ. ಆಮೇಲೆ, ಬದಲಾವಣೆ ಆಯಿತೋ ಇಲ್ಲವೋ ಅಂತ ಯಾರನ್ನು ಕೇಳುತ್ತೀರಿ? ‘ಅಪ್ಪಂದಿರನ್ನೇ’ ಅಂದರೆ ಸಾಲದು. ಹೆಂಡತಿಯನ್ನು, ಸಾಧ್ಯವಾದರೆ ಮಕ್ಕಳನ್ನು ಬೇರೆಯಾಗಿ ಕೇಳುವವರೇ ನನಗೆ ನಂಬಿಕೆಯವರು. ಎಲ್ಲ ಅಪ್ಪಂದಿರನ್ನೂ ಕಣ್ಣು ಮುಚ್ಚಿ ಮಗುವಿನ ಹತ್ತಿರ ತರುವುದು ಸರಿಯಲ್ಲ ಅಲ್ವಾ? ಹೊಡೆತ ಇರುವ ಮನೆಯಲ್ಲಿ ಮೊದಲು ತಾಯಿ ಮಗು ಕ್ಷೇಮವಾಗಿರಬೇಕು. ಇದಕ್ಕೆ ಅವರ ಹತ್ತಿರ ಉತ್ತರ ಇರಲೇಬೇಕು. ಇನ್ನು ಅಪ್ಪಂದಿರ ಹೆಸರು ಹೇಳಿಕೊಂಡು ಹೆಂಗಸರ ಕಾನೂನುಗಳ ವಿರುದ್ಧ ದ್ವೇಷ ಹರಡುವ ಗುಂಪುಗಳೂ ಇವೆ. ಅವುಗಳಿಗೆ ಒಂದು ರೂಪಾಯಿಯೂ ಬೇಡ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಟ್ರಸ್ಟ್ ಅಥವಾ ಸಂಘದ ನೋಂದಣಿ, ಹಿಂದಿನ ವರ್ಷಗಳ ಆಡಿಟ್ ವರದಿ ಕೇಳಿ. ಸ್ವಯಂಸೇವಾ ಸಂಸ್ಥೆಗಳ ವಿವರ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿದೆಯಾ ನೋಡಿ. 80ಜಿ ಅಂತ ಜನ ಕರೆಯುವ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಸಿಗುವುದಿಲ್ಲ. ಚೆಕ್ ಅಥವಾ ಬ್ಯಾಂಕಿನ ಮೂಲಕವೇ ಕೊಡಿ. ಸಾಮಾನು ಕೊಡಿಸಿದ್ದಕ್ಕೂ ವಿನಾಯಿತಿ ಇಲ್ಲ, ಆಸ್ಪತ್ರೆ ಕುರ್ಚಿಯ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಮತ್ತೊಂದು ಮಾತು. ‘ನಮ್ಮ ದುಡ್ಡು ಸಂಬಳಕ್ಕೆ ಹೋಗಬಾರದು’ ಅಂತ ದಾನಿಗಳು ಹಟ ಹಿಡಿಯುವುದುಂಟು. ಈ ಕೆಲಸದಲ್ಲಿ ಅದು ತಪ್ಪು. ರಾತ್ರಿ ಎಂಟಕ್ಕೆ ಹಳ್ಳಿಯ ಕಟ್ಟೆಯ ಮೇಲೆ ಕೂತು ಗಂಡಸರನ್ನು ಮಾತಾಡಿಸುವ ಕಾರ್ಯಕರ್ತನ ಸಂಬಳ, ಅವನ ಬೈಕಿನ ಪೆಟ್ರೋಲು, ಇವೇ ಈ ಕೆಲಸದ ಬಂಡವಾಳ. ಒಂದೇ ಸಲ ಪೂರ್ತಿ ಕೊಡದೆ ಮೂರು ಕಂತು ಮಾಡಿ. ಎರಡನೇ ಕಂತಿಗೆ ಮೊದಲು ನೀವೇ ಒಂದು ಸಂಜೆ ಹೋಗಿ ಹಿಂದೆ ಕೂತು ಕೇಳಿ ಬನ್ನಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ಊರಿನ ಇಂಥದ್ದೇ ಒಂದು ಸಂಸ್ಥೆಗೆ ಹಣ ಕಳಿಸಿದರೆ ‘ವಿದೇಶಿ ದೇಣಿಗೆ’ ಅಂತ ಅವರಿಗೆ ತೊಂದರೆ ಆಗುತ್ತಾ?
– ಉಡುಪಿ ಮೂಲದ ಓದುಗರು

ಉತ್ತರ: ನಿಮ್ಮ ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದು, ನಿಮ್ಮದೇ ಉಳಿತಾಯದ ಹಣ ಬ್ಯಾಂಕಿನ ಮೂಲಕ ಬಂದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಒಂದನ್ನು ಸಂಸ್ಥೆಗೆ ಕೊಟ್ಟಿಡಿ. ಬೇರೆ ದೇಶದ ಪೌರತ್ವ ಪಡೆದ ಸ್ನೇಹಿತರೂ ಸೇರಿಕೊಂಡರೆ ಲೆಕ್ಕ ಬೇರೆ. ಅವರ ಹತ್ತಿರ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದರೂ ಅದು ವಿದೇಶಿ ದೇಣಿಗೆಯೇ. ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ಅನುಮತಿ ಇರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದ್ದರಿಂದ ಎಲ್ಲರ ಹಣವನ್ನೂ ನಿಮ್ಮ ಖಾತೆಗೆ ಹಾಕಿಸಿಕೊಂಡು ಕಳಿಸಬೇಡಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಪೋಷಕರ ಸಭೆ ಅಂದರೆ ತಾಯಂದಿರೇ ಬರುತ್ತಾರೆ. ಅಪ್ಪಂದಿರನ್ನು ಕರೆಸುವುದು ಹೇಗೆ? ಕೈಯಲ್ಲಿ ದುಡ್ಡಿಲ್ಲ.
– ಶಿರಸಿ ಕಡೆಯ ಓದುಗರು

ಉತ್ತರ: ದುಡ್ಡು ಬೇಕಿಲ್ಲ ಅಕ್ಕ. ‘ಪೋಷಕರು ಬನ್ನಿ’ ಅಂದರೆ ಅಪ್ಪಂದಿರು ಅದು ತಮಗಲ್ಲ ಅಂದುಕೊಳ್ಳುತ್ತಾರೆ. ಚೀಟಿಯ ಮೇಲೆ ಅವರ ಹೆಸರನ್ನೇ ಬರೆದು, ಮಗುವಿನ ಕೈಯಲ್ಲೇ ಕಳಿಸಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಕರೆಯಬೇಡಿ. ಬಂದವರನ್ನು ಗೋಡೆಗೆ ಒರಗಿಸಿ ಕೂರಿಸಬೇಡಿ, ಕೆಲಸ ಕೊಡಿ. ಮಗುವನ್ನು ತೂಕದ ಯಂತ್ರಕ್ಕೆ ಅವರೇ ಏರಿಸಲಿ, ತೂಕ ಅವರೇ ಓದಲಿ, ತಾಯಿ ಕಾರ್ಡಿನ ಬೆಳವಣಿಗೆ ಪಟ್ಟಿಯಲ್ಲಿ ಆ ತಿಂಗಳ ಚುಕ್ಕಿಯನ್ನು ಅವರ ಕೈಯಿಂದಲೇ ಇಡಿಸಿ. ಚುಕ್ಕಿ ಹಸಿರು ಪಟ್ಟಿಯಿಂದ ಕೆಳಗೆ ಇಳಿದಿದ್ದರೆ ಬೈಯಬೇಡಿ, ಏನು ತಿನ್ನಿಸಬೇಕು ಅಂತ ಅಲ್ಲೇ ಹೇಳಿಕೊಡಿ. ಮುಂದಿನ ತಿಂಗಳು ಚುಕ್ಕಿ ಮೇಲೆ ಹೋಯಿತಾ ಅಂತ ಕೇಳಿಕೊಂಡು ಅವರೇ ಬರುತ್ತಾರೆ.